ಕಿಟಕಿ ಕೀಳುವ ಮುನ್ನ



ಇಂಗ್ಲೆಂಡಿನಲ್ಲಿರುವ ಮಗಳ ಮನೆಯಲ್ಲಿ ಐದು ತಿಂಗಳು ಇದ್ದು ಬಂದ ಮೇಲೆ, ಅಲ್ಲಿಯ ಅರಮನೆ, ಸರೋವರ, ವಸ್ತುಸಂಗ್ರಹಾಲಯಗಳ ವಿಷಯ ಬರೆಯಿರೆಂದು ನಿಮ್ಮಲ್ಲಿ ಹಲವರು ಕೇಳಿದಿರಿ. ಅವನ್ನೆಲ್ಲ ನೋಡಿದ್ದುಂಟು. ಆದರೆ ಊರಿಗೆ ಮರಳಿದ ಮೇಲೂ ನನ್ನ ಮನಸ್ಸನ್ನು ಬಿಡದೆ ಕಾಡುತ್ತಿರುವುದು ಅರಮನೆಯಲ್ಲ, ಕಿಟಕಿ. ಇದೇನು ಮೇಷ್ಟ್ರಿಗೆ ಅರಳುಮರುಳೇ ಎಂದುಕೊಳ್ಳಬೇಡಿ. ನನ್ನ ಶಿಷ್ಯರಲ್ಲಿ ಐದಾರು ಮಂದಿ ಈಗ ಆ ದೇಶದಲ್ಲಿ ನೂರು ವರ್ಷಕ್ಕೂ ಮೇಲ್ಪಟ್ಟ ಮನೆಗಳನ್ನು ಕೊಂಡು ನೆಲೆಸಿದ್ದಾರೆ. ಅವರಲ್ಲೊಬ್ಬ ದೂರವಾಣಿಯಲ್ಲಿ ಮಾತನಾಡುತ್ತ, "ಸಾರ್, ಸಾಲ ನನ್ನದು, ಮನೆ ನನ್ನದು, ಚಳಿಯಲ್ಲಿ ನಡುಗುವವನೂ ನಾನೇ. ಕಿಟಕಿ ಹೇಗಿರಬೇಕೆಂದು ಹೇಳಲು ಕೌನ್ಸಿಲಿನವರು ಯಾರು?" ಎಂದು ಸಿಟ್ಟಿನಿಂದ ಕೇಳಿದ. ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಇಂದು ಇದೆ. ಅದು ಅವನಿಗೆ ಹಿಡಿಸುವುದೋ ಇಲ್ಲವೋ ತಿಳಿಯದು.

ಮೊದಲು ಮಗಳ ಮನೆಯ ಸಂಗತಿ. ಅದು 1880ರ ದಶಕದಲ್ಲಿ ಕಟ್ಟಿದ, ಒಂದಕ್ಕೊಂದು ಗೋಡೆ ಅಂಟಿಕೊಂಡು ಸಾಲಾಗಿ ನಿಂತ ಕೆಂಪು ಇಟ್ಟಿಗೆಯ ಮನೆಗಳಲ್ಲೊಂದು. ಬೀದಿಯ ಕಡೆಗೆ ಮುಂಚಾಚಿದ ಮೂರು ದೊಡ್ಡ ಕಿಟಕಿಗಳು. ಅಲ್ಲಿಯವರು ಅವನ್ನು ಸ್ಯಾಷ್ ಕಿಟಕಿ ಎನ್ನುತ್ತಾರೆ. ನಮ್ಮ ಕಿಟಕಿಗಳಂತೆ ಕದಗಳು ಹೊರಕ್ಕೆ ತೆರೆಯುವುದಿಲ್ಲ. ಗಾಜಿನ ಎರಡು ಚೌಕಟ್ಟುಗಳು ಒಂದರ ಹಿಂದೊಂದು ಮೇಲಕ್ಕೂ ಕೆಳಕ್ಕೂ ಜಾರುತ್ತವೆ. ಚೌಕಟ್ಟಿಗೆ ಹಗ್ಗ ಕಟ್ಟಿ, ಹಗ್ಗವನ್ನು ರಾಟೆಯ ಮೇಲೆ ಹಾಯಿಸಿ, ಅದರ ತುದಿಗೆ ಎರಕದ ಕಬ್ಬಿಣದ ಗುಂಡನ್ನು ತೂಗುಬಿಟ್ಟಿರುತ್ತಾರೆ. ಗುಂಡು ಪಕ್ಕದ ಮರದ ಪೆಟ್ಟಿಗೆಯೊಳಗೆ ಅಡಗಿರುತ್ತದೆ. ಎಂಟನೆಯ ತರಗತಿಯಲ್ಲಿ ನಾನು ನಿಮಗೆ ಕಲಿಸಿದ ಸ್ಥಿರ ರಾಟೆಯ ಪಾಠವನ್ನು ನೆನೆಯಿರಿ. ಬಾವಿಯ ರಾಟೆಯನ್ನಲ್ಲದೆ ಬೇರೆ ಉದಾಹರಣೆ ಆಗ ನನಗೆ ತೋಚಿರಲಿಲ್ಲ. ಇಲ್ಲಿ ನೋಡಿದರೆ, ಮಣಭಾರದ ಗಾಜನ್ನು ಏಳು ವರ್ಷದ ಮೊಮ್ಮಗಳು ಎರಡು ಬೆರಳಿನಿಂದ ಎತ್ತುತ್ತಾಳೆ! ಮೇಲಿನದನ್ನು ಒಂದಿಷ್ಟು ಇಳಿಸಿ, ಕೆಳಗಿನದನ್ನು ಒಂದಿಷ್ಟು ಏರಿಸಿದರೆ, ಕಾದ ಗಾಳಿ ಮೇಲಿನಿಂದ ಹೊರಹೋಗಿ ತಂಪು ಗಾಳಿ ಕೆಳಗಿನಿಂದ ಒಳಬರುತ್ತದೆ. ಸಂವಹನದ ಪಾಠಕ್ಕೂ ಇದಕ್ಕಿಂತ ಒಳ್ಳೆಯ ಉಪಕರಣ ಬೇಕಿಲ್ಲ.

ಆದರೆ ಚಳಿಗಾಲ ಬಂದಾಗ ಪಾಠ ಸಾಲದು. ಸಂದಿಗೊಂದಿಗಳಿಂದ ಗಾಳಿ ಚುಚ್ಚುತ್ತಿತ್ತು. ಗಾಳಿ ಬೀಸಿದ ರಾತ್ರಿ ಚೌಕಟ್ಟುಗಳು ಕಟಕಟ ಸದ್ದು ಮಾಡುತ್ತಿದ್ದವು. ಅಳಿಯಂದಿರು ಮೂರನ್ನೂ ಕಿತ್ತು ಪ್ಲಾಸ್ಟಿಕ್ಕಿನ, ಎಂದರೆ ಯುಪಿವಿಸಿಯ, ಜೋಡಿಗಾಜಿನ ಕಿಟಕಿ ಹಾಕಿಸಲು ಅರ್ಜಿ ಕೊಟ್ಟರು. ಕೌನ್ಸಿಲ್ ನಿರಾಕರಿಸಿತು. ಆ ಬೀದಿ 'ಸಂರಕ್ಷಿತ ಪ್ರದೇಶ'ಕ್ಕೆ ಸೇರಿದ್ದು, ಉದ್ದೇಶಿತ ಕಿಟಕಿಗಳು ಬೀದಿಯ ಸ್ವರೂಪಕ್ಕೆ ಧಕ್ಕೆ ತರುತ್ತವೆ ಎಂದು ಎರಡು ಪುಟದ ಪತ್ರ. ಅಂದಿನ ಊಟದ ಹೊತ್ತಿನಲ್ಲಿ ನಾನೂ ಅಳಿಯಂದಿರ ಪಕ್ಷವನ್ನೇ ವಹಿಸಿದೆ. ಉಣ್ಣೆಯ ಶಾಲು ಹೊದ್ದು ಕುಳಿತ ಮುದುಕನಿಂದ ಬೇರೆ ಏನನ್ನು ನಿರೀಕ್ಷಿಸಲು ಸಾಧ್ಯ?

ಆ ದೇಶದಲ್ಲಿ ಸರ್ಕಾರಕ್ಕೂ ಕಿಟಕಿಗೂ ಹಳೆಯ ನಂಟು. 1696ರಲ್ಲಿ ಕಿಟಕಿಗಳನ್ನು ಎಣಿಸಿ ತೆರಿಗೆ ಹಾಕಲಾರಂಭಿಸಿದರು. 1851ರವರೆಗೆ ಅದು ನಡೆಯಿತು. ತೆರಿಗೆ ತಪ್ಪಿಸಿಕೊಳ್ಳಲು ಇಟ್ಟಿಗೆಯಿಂದ ಮುಚ್ಚಿಸಿದ ಕಿಟಕಿಗಳು ಇಂದಿಗೂ ಅಲ್ಲಲ್ಲಿ ಕುರುಡುಗಣ್ಣಿನಂತೆ ಕಾಣಸಿಗುತ್ತವೆ. ಈಗಿನ ಕಾನೂನಿನ ಮೂಲವಿರುವುದು 1967ರ 'ಸಿವಿಕ್ ಅಮೆನಿಟೀಸ್ ಆಕ್ಟ್'ನಲ್ಲಿ. ಡಂಕನ್ ಸ್ಯಾಂಡಿಸ್ ಎಂಬ ಸಂಸತ್ ಸದಸ್ಯರು ಖಾಸಗಿ ಮಸೂದೆಯಾಗಿ ಮಂಡಿಸಿದ ಕಾಯಿದೆ ಅದು. ಅದುವರೆಗೆ ಒಂದೊಂದು ಕಟ್ಟಡವನ್ನು ಮಾತ್ರ ರಕ್ಷಿಸಬಹುದಿತ್ತು. ಒಂದು ಬೀದಿ, ಒಂದು ಪೇಟೆ, ಒಂದು ಹಳ್ಳಿಯನ್ನು ಇಡಿಯಾಗಿ ರಕ್ಷಿಸಬಹುದೆಂಬ ಮಾತು ಆ ಕಾಯಿದೆಯಿಂದ ಬಂದಿತು. ಲಿಂಕನ್‌ಶೈರಿನ ಸ್ಟ್ಯಾಂಫರ್ಡ್ ಪಟ್ಟಣ ಮೊದಲನೆಯದು. ಈಗ ಇಂಗ್ಲೆಂಡೊಂದರಲ್ಲೇ ಸುಮಾರು 10,000 ಸಂರಕ್ಷಿತ ಪ್ರದೇಶಗಳಿವೆ.

ಅಲ್ಲಿರುವ ನನ್ನ ಶಿಷ್ಯರು ಒಂದು ಸೂಕ್ಷ್ಮವನ್ನು ತಿಳಿದಿರಬೇಕು. ಸಂರಕ್ಷಿತ ಪ್ರದೇಶದಲ್ಲಿದ್ದ ಮಾತ್ರಕ್ಕೆ ಕಿಟಕಿ ಮುಟ್ಟುವಂತಿಲ್ಲ ಎಂದೇನೂ ಇಲ್ಲ. ಒಂದೇ ಸಂಸಾರ ವಾಸಿಸುವ ಮನೆಯಾಗಿ, ಹೊಸ ಕಿಟಕಿ ಹಳೆಯದನ್ನು ಹೋಲುವಂತಿದ್ದರೆ ಸಾಮಾನ್ಯವಾಗಿ ಅನುಮತಿ ಬೇಕಾಗುವುದಿಲ್ಲ. ಕೌನ್ಸಿಲ್ 'ಆರ್ಟಿಕಲ್ 4' ಎಂಬ ಆದೇಶ ಹೊರಡಿಸಿದ್ದರೆ ಮಾತ್ರ ಆ ಸ್ವಾತಂತ್ರ್ಯ ಹೋಗುತ್ತದೆ. ಮಗಳ ಬೀದಿಗೆ ಆ ಆದೇಶವಿತ್ತು. ಫ್ಲ್ಯಾಟುಗಳಿಗೆ ಆ ಸ್ವಾತಂತ್ರ್ಯ ಮೊದಲಿನಿಂದಲೂ ಇಲ್ಲ. ಪಟ್ಟಿಗೆ ಸೇರಿದ ಪಾರಂಪರಿಕ ಕಟ್ಟಡವಾದರಂತೂ ಒಪ್ಪಿಗೆಯಿಲ್ಲದೆ ಬದಲಿಸುವುದು ದಂಡಾರ್ಹ ಅಪರಾಧ. ಆದ್ದರಿಂದ ನೆರೆಮನೆಯವನ ಮಾತು ಕೇಳಿ ಮುಂಗಡ ಹಣ ಕಟ್ಟಬೇಡಿ.

ನನ್ನ ಅಭಿಪ್ರಾಯ ಬದಲಾದದ್ದು ಪತ್ರದಿಂದಲ್ಲ, ಒಬ್ಬ ಬಡಗಿಯಿಂದ. ಪಕ್ಕದ ಬೀದಿಯವರು ಹೇಳಿದ್ದರಿಂದ ಮಗಳು ಅವರನ್ನು ಕರೆಸಿದ್ದಳು. ಅರವತ್ತು ದಾಟಿದ ಮನುಷ್ಯ. ಬಂದವರೇ ಮಾತಿಲ್ಲದೆ ಸ್ಕ್ರೂಡ್ರೈವರಿನ ಮೊನೆಯಿಂದ ಮರವನ್ನು ಅಂಗುಲ ಅಂಗುಲವಾಗಿ ಒತ್ತುತ್ತ ಹೋದರು. ಮೂರು ಕಿಟಕಿಗಳಲ್ಲಿ ಮೊನೆ ಒಳಗಿಳಿದದ್ದು ಎರಡೇ ಕಡೆ: ಒಂದರ ಹೊಸ್ತಿಲಿನಂಥ ಅಡಿಪಟ್ಟಿಯಲ್ಲಿ, ಇನ್ನೊಂದರ ಕೆಳ ಚೌಕಟ್ಟಿನ ಮೂಲೆಯಲ್ಲಿ. ಮಿಕ್ಕದ್ದೆಲ್ಲ ಕಬ್ಬಿಣದಂತೆ ಗಟ್ಟಿ. ಬಾಲ್ಟಿಕ್ ಸಮುದ್ರದ ಸುತ್ತಣ ಚಳಿನಾಡುಗಳ ಕಾಡುಗಳಲ್ಲಿ ನಿಧಾನವಾಗಿ ಬೆಳೆದ ಪೈನ್ ಮರವಂತೆ ಅದು. ನಿಧಾನವಾಗಿ ಬೆಳೆದ ಮರದ ಉಂಗುರಗಳು ಒತ್ತೊತ್ತಾಗಿರುತ್ತವೆ. ಬೇಗ ಬೆಳೆಸಿ ಬೇಗ ಕಡಿದ ಇಂದಿನ ಮರಕ್ಕೆ ಆ ಬಾಳಿಕೆಯಿಲ್ಲ. "ಇಂಥ ಮರವನ್ನು ಈಗ ಕೊಳ್ಳುತ್ತೇನೆಂದರೂ ಸಿಗದು. ನೀವು ಎಸೆಯಲು ಹೊರಟಿದ್ದೀರಿ" ಎಂದಷ್ಟೇ ಅವರು ಹೇಳಿದರು.

ನಾಲ್ಕು ದಿನ ಕೆಲಸ ನಡೆಯಿತು. ನಾನು ಕುರ್ಚಿ ಹಾಕಿಕೊಂಡು ವಿದ್ಯಾರ್ಥಿಯಂತೆ ನೋಡಿದೆ. ಕೊಳೆತ ಭಾಗವನ್ನಷ್ಟೇ ಕತ್ತರಿಸಿ ಹೊಸ ಮರದ ತುಂಡನ್ನು ಬೆಸೆದರು. ಹರಿದಿದ್ದ ಹಗ್ಗಗಳನ್ನು ಬದಲಿಸಿದರು. ಪದರ ಪದರವಾಗಿ ಗಟ್ಟಿಕಟ್ಟಿದ್ದ ಬಣ್ಣವನ್ನು ಕೆರೆದರು. ಅಗಸೆ ಎಣ್ಣೆಯ ಪುಟ್ಟಿಯಿಂದ ಗಾಜುಗಳನ್ನು ಕೂರಿಸಿದರು. ಕೊನೆಗೆ ಚೌಕಟ್ಟು ಜಾರುವ ಗಾಡಿಯ ಉದ್ದಕ್ಕೂ ಕಣ್ಣಿಗೆ ಕಾಣದಂತೆ ಸಣ್ಣ ಬ್ರಷ್ ಪಟ್ಟಿಗಳನ್ನು ಸೇರಿಸಿದರು. ಅಂದಿನ ರಾತ್ರಿ ಕಟಕಟ ಸದ್ದಿಲ್ಲ, ಗಾಳಿಯ ಚುಚ್ಚುವಿಕೆಯೂ ಇಲ್ಲ. ಬಳಿಕ ಕಿಟಕಿಯ ಒಳಬದಿಗೆ ತೆಗೆದಿಡಬಹುದಾದ ಇನ್ನೊಂದು ಗಾಜಿನ ಪರದೆ ಹಾಕಿಸಿದರು. ಅದು ಮನೆಯೊಳಗಿನ ವಸ್ತುವಾದ್ದರಿಂದ, ಪಟ್ಟಿಗೆ ಸೇರದ ಆ ಮನೆಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಎಲ್ಲ ಕೂಡಿ ಖರ್ಚು ಪ್ಲಾಸ್ಟಿಕ್ ಕಿಟಕಿಯ ಕಂಪನಿ ಹೇಳಿದ್ದ ಬೆಲೆಗಿಂತ ಒಂದಿಷ್ಟು ಕಡಿಮೆಯೇ ಆಯಿತು.

ಇದು ಒಂದು ಮನೆಯ ಅನುಭವ, ಇದರಿಂದ ಏನು ಸಿದ್ಧವಾಗುತ್ತದೆ ಎಂದು ನೀವು ಕೇಳಬಹುದು. ಹಾಗೆ ಕೇಳಲು ಕಲಿಸಿದವನೂ ನಾನೇ! 2009ರಲ್ಲಿ ಇಂಗ್ಲಿಷ್ ಹೆರಿಟೇಜ್ ಸಂಸ್ಥೆಗಾಗಿ ಗ್ಲಾಸ್ಗೋ ಕ್ಯಾಲೆಡೋನಿಯನ್ ವಿಶ್ವವಿದ್ಯಾಲಯದವರು ಹಳೆಯ ಸ್ಯಾಷ್ ಕಿಟಕಿಯೊಂದನ್ನು ಪ್ರಯೋಗಶಾಲೆಯಲ್ಲಿಟ್ಟು ಅಳೆದು ನೋಡಿದರು. ದುರಸ್ತಿ ಮಾಡಿ ಸಂದುಗಳನ್ನು ಮುಚ್ಚಿದಾಗ ಗಾಳಿಯ ಸೋರಿಕೆ ಶೇಕಡಾ 86ರಷ್ಟು ತಗ್ಗಿತು. ಒಳಬದಿಯ ಎರಡನೆಯ ಗಾಜು ಒಳ್ಳೆಯ ಗುಣಮಟ್ಟದ್ದಾದರೆ, ಗಾಜು ಮತ್ತು ಚೌಕಟ್ಟಿನ ಮೂಲಕ ನಷ್ಟವಾಗುವ ಶಾಖ ಅರ್ಧಕ್ಕಿಂತ ಹೆಚ್ಚು ಉಳಿಯಿತು. ಅಂದರೆ ನಮ್ಮನ್ನು ನಡುಗಿಸುತ್ತಿದ್ದುದು ಕಿಟಕಿಯ ವಯಸ್ಸಲ್ಲ, ಅದರ ಬಗೆಗಿನ ನಮ್ಮ ಅಲಕ್ಷ್ಯ.

ಇನ್ನು ಹೊಸ ಕಿಟಕಿಯ ಗುಣಗಾನ. "ನಿರ್ವಹಣೆಯೇ ಬೇಡ" ಎಂದು ಜಾಹೀರಾತು ಹೇಳುತ್ತದೆ. ನನ್ನ ಮಟ್ಟಿಗೆ ಇದು ಮಾತಿನ ಜಾಣತನ. ನಿರ್ವಹಣೆ ಬೇಡ ಎಂದರೆ ನಿರ್ವಹಿಸಲು ಬಾರದು ಎಂದೇ ಅರ್ಥ. ಜೋಡಿಗಾಜಿನ ಅಂಚಿನ ಬಿಗಿ ಒಂದು ದಿನ ಸಡಿಲುತ್ತದೆ, ನಡುವೆ ತೇವ ಸೇರಿ ಮಂಜುಗಟ್ಟುತ್ತದೆ. ಆಗ ಅದನ್ನು ಬಿಚ್ಚಿ ಒರೆಸುವಂತಿಲ್ಲ, ಗಾಜಿನ ಜೋಡಿಯನ್ನೇ ಎಸೆಯಬೇಕು. ಪ್ಲಾಸ್ಟಿಕ್ ಚೌಕಟ್ಟು ಸೊಟ್ಟಗಾದರೆ ಅದರ ಕೊಳೆತ ಮೂಲೆಯನ್ನು ಕತ್ತರಿಸಿ ತುಂಡು ಬೆಸೆಯುವ ಬಡಗಿಯಿಲ್ಲ. ನೂರನಲವತ್ತು ವರ್ಷ ಬಾಳಿದ, ಇನ್ನೂ ಐವತ್ತು ವರ್ಷ ಬಾಳಬಲ್ಲ ವಸ್ತುವನ್ನು ತೆಗೆದು, ಒಂದು ತಲೆಮಾರಿನೊಳಗೆ ಕಸವಾಗುವ ವಸ್ತುವನ್ನು ಕೂರಿಸಿ ಅದನ್ನು ಪರಿಸರ ಪ್ರೇಮವೆಂದು ಕರೆಯುವುದನ್ನು ನಾನು ಒಪ್ಪಲಾರೆ.

ಈಗ ಶಿಷ್ಯನ ಪ್ರಶ್ನೆಗೆ ಬರುತ್ತೇನೆ. ಕೌನ್ಸಿಲಿನವರು ಯಾರು? ಅಯ್ಯಾ, ಕಿಟಕಿಯ ಒಳಮುಖ ನಿನ್ನದು. ಅಲ್ಲಿ ಯಾವ ಪರದೆ ಬೇಕಾದರೂ ತೂಗುಹಾಕು. ಹೊರಮುಖವನ್ನು ನೀನು ನೋಡುವುದೇ ಅಪರೂಪ. ಅದನ್ನು ದಿನವೂ ನೋಡುವವರು ಎದುರು ಮನೆಯವರು, ದಾರಿಹೋಕರು, ಶಾಲೆಗೆ ಹೋಗುವ ಮಕ್ಕಳು. ಮಗಳ ಬೀದಿಯ ಹಿಂದಿನ ಬೀದಿಗೆ ಆ ಆದೇಶವಿಲ್ಲ. ಎರಡನ್ನೂ ಒಂದೇ ಕಾಲದಲ್ಲಿ ಕಟ್ಟಿದ್ದಂತೆ. ನಾನು ಸಂಜೆಯ ನಡಿಗೆಯಲ್ಲಿ ಎರಡನ್ನೂ ನೋಡುತ್ತಿದ್ದೆ. ಹಿಂದಿನ ಬೀದಿಯಲ್ಲಿ ಒಂದು ಮನೆಗೆ ದಪ್ಪ ಬಿಳಿಯ ಪಟ್ಟಿ, ಇನ್ನೊಂದಕ್ಕೆ ಕಂದು, ಮತ್ತೊಂದಕ್ಕೆ ಗಾಜಿನೊಳಗೆ ಅಂಟಿಸಿದ ಹುಸಿ ಸರಳುಗಳು. ಯಾವೊಬ್ಬನೂ ಬೀದಿಯನ್ನು ಕೆಡಿಸಲಿಲ್ಲ. ಪ್ರತಿಯೊಬ್ಬನೂ ತನ್ನ ಮೂರು ಕಿಟಕಿಯನ್ನಷ್ಟೇ ಬದಲಿಸಿದ. ಆದರೂ ಬೀದಿ ಕೆಟ್ಟಿತು. ಒಬ್ಬರದೂ ತಪ್ಪಿಲ್ಲದೆ ಎಲ್ಲರದೂ ಹಾಳಾಗುವ ಇಂಥ ಕಡೆಯಲ್ಲಿ ನಿಯಮವೊಂದು ಬೇಕೇ ಬೇಕು.

ಹಾಗೆಂದು ಕೌನ್ಸಿಲುಗಳಿಗೆ ಜೈಕಾರ ಹಾಕುತ್ತೇನೆಂದು ತಿಳಿಯಬೇಡಿ. ಮಗಳಿಗೆ ಬಂದ ಎರಡು ಪುಟದ ಪತ್ರದಲ್ಲಿ 'ಕೂಡದು' ಎಂಬುದಿತ್ತು, 'ಹೀಗೆ ಮಾಡಿ' ಎಂಬ ಒಂದು ಸಾಲೂ ಇರಲಿಲ್ಲ. ತಪ್ಪು ಉತ್ತರಕ್ಕೆ ಕೆಂಪು ಗೆರೆ ಎಳೆದು ಸರಿ ಉತ್ತರ ಬರೆಯದ ಉಪಾಧ್ಯಾಯ ಅರ್ಧ ಉಪಾಧ್ಯಾಯ ಎಂದು ನಾನು ಹೊಸ ಶಿಕ್ಷಕರಿಗೆ ಹೇಳುತ್ತಿದ್ದೆ. ಆ ಬಡಗಿಯ ಬದಲು ಬೇರೊಬ್ಬರು ಬಂದಿದ್ದರೆ ಮಗಳ ಸಂಸಾರ ಇನ್ನೂ ನಡುಗುತ್ತಿತ್ತು. ಸರ್ಕಾರದ ನೀತಿಯಂತೂ ಇನ್ನೂ ವಿಚಿತ್ರ. ಅಲ್ಲಿ ಹೊಸ ಮನೆ ಕಟ್ಟಿದರೆ ವ್ಯಾಟ್ ಶೂನ್ಯ. ಹಳೆಯ ಮನೆಯನ್ನು ದುರಸ್ತಿ ಮಾಡಿದರೆ ಸಾಮಾನ್ಯವಾಗಿ ಶೇಕಡಾ 20. ಹಳೆಯದನ್ನು ಉಳಿಸೆಂದು ಒಂದು ಕೈ ಬೆದರಿಸುತ್ತದೆ, ಉಳಿಸಿದ್ದಕ್ಕೆ ಇನ್ನೊಂದು ಕೈ ದಂಡ ವಸೂಲು ಮಾಡುತ್ತದೆ. ವಿಲಿಯಂ ಮಾರಿಸ್ 1877ರಲ್ಲಿ ಹಳೆಯ ಕಟ್ಟಡಗಳ ರಕ್ಷಣೆಗಾಗಿ ಸಂಘ ಕಟ್ಟಿ, ನಿತ್ಯದ ಆರೈಕೆಯಿಂದ ಕೇಡನ್ನು ತಡೆಯಿರಿ ಎಂದು ಸಾರಿದ ನಾಡಿನಲ್ಲಿ ಈ ಸ್ಥಿತಿ! ಕೈಯಲ್ಲಿ ಹಣವಿಲ್ಲದ ವೃದ್ಧರು ಚಳಿಯಲ್ಲಿ ಕುಳಿತಿರುವಾಗ ಬರಿಯ ಸೌಂದರ್ಯದ ಉಪದೇಶ ಸಲ್ಲದು. ನಿಯಮ ಮಾಡುವವರು ಬಡಗಿಯನ್ನೂ ತೋರಿಸಬೇಕು, ಭಾರದಲ್ಲಿ ಪಾಲನ್ನೂ ಹೊರಬೇಕು.

ಇಷ್ಟೆಲ್ಲ ಆವೇಶ ನಿಮಗೇಕೆ ಎಂದು ಮಗಳು ಕೇಳಿದಳು. ಅವಳಿಗೆ ಹೇಳಿದ್ದನ್ನು ನಿಮಗೂ ಹೇಳಿಬಿಡುತ್ತೇನೆ. ಮಲೆನಾಡಿನ ನಮ್ಮ ಮನೆಯ ಜಗಲಿಗೆ ಹಲಸಿನ ಮರದ ಆರು ಕಿಟಕಿಗಳಿದ್ದವು. ನಮ್ಮ ಅಜ್ಜನ ಕಾಲದವು. ಚೌಕಟ್ಟಿನ ಮೇಲುಪಟ್ಟಿಯಲ್ಲಿ ಬಳ್ಳಿಯ ಕೆತ್ತನೆ, ನಡುವೆ ಕಡೆದ ಮರದ ಸರಳು. 1989ರಲ್ಲಿ ಪಟ್ಟಣದಿಂದ ಹಳೆಯ ಮರಮುಟ್ಟಿನ ವ್ಯಾಪಾರಿಯೊಬ್ಬ ಬಂದ. "ಹೊಸ ಕಬ್ಬಿಣದ ಕಿಟಕಿ ಹಾಕಿಸಿಕೊಡುತ್ತೇನೆ, ಮೇಲೆ ಹಣವನ್ನೂ ಕೊಡುತ್ತೇನೆ" ಎಂದ. ಅಣ್ಣ ಅನುಮಾನಿಸಿದ. ಓದಿದವನು ನಾನು, "ಗೆದ್ದಲು ಹಿಡಿಯುವ ಮರಕ್ಕೆ ಏನು ಮೋಹ?" ಎಂದು ಒಪ್ಪಿಸಿದವನೂ ನಾನೇ. ಅವ್ವ ಒಂದು ಮಾತನ್ನೂ ಆಡಲಿಲ್ಲ. ಕಿಟಕಿಗಳನ್ನು ಲಾರಿಗೆ ಹೇರುವಾಗ ಒಳಗೆ ಹೋಗಿ ಕುಳಿತಳು. ಆ ಕಬ್ಬಿಣದ ಕಿಟಕಿಗಳು ಮಲೆನಾಡಿನ ಮಳೆಗೆ ಹತ್ತು ವರ್ಷದೊಳಗೆ ತುಕ್ಕು ಹಿಡಿದು ಕಚ್ಚಿಕೊಂಡವು. ಅಂದು ಅಡ್ಡ ಬರಲು ನಮ್ಮಲ್ಲಿ ಯಾವ ಕೌನ್ಸಿಲೂ ಇರಲಿಲ್ಲ. ಇದ್ದಿದ್ದರೆ ನಾನು ಅದನ್ನೂ ಬೈಯುತ್ತಿದ್ದೆ. ಆದರೆ ಕಿಟಕಿಗಳು ಉಳಿಯುತ್ತಿದ್ದವು.

ಆ ಮನೆಯ ಅಟ್ಟದಲ್ಲಿ ಇನ್ನೂ ಎರಡು ಹಳೆಯ ಕಿಟಕಿಗಳಿವೆ. ಮುಂದಿನ ಬೇಸಿಗೆಯಲ್ಲಿ ಅವನ್ನು ತೆಗೆಸಿ ಅಲ್ಯೂಮಿನಿಯಂ ಹಾಕಿಸುವ ಯೋಚನೆ ಅಣ್ಣನ ಮಗನಿಗಿದೆ ಎಂದು ಕೇಳಿದೆ. ಮಗೂ, ಮನೆ ಈಗ ನಿನ್ನದು, ಅಲ್ಲಿ ಬಾಳುವವನು ನೀನು. ಚಿಕ್ಕಪ್ಪನಿಗೆ ಅಪ್ಪಣೆ ಕೊಡುವ ಹಕ್ಕಿಲ್ಲ. ನನ್ನದೊಂದೇ ಬೇಡಿಕೆ: ಕೀಳಿಸುವ ಮುನ್ನ ಒಬ್ಬ ಒಳ್ಳೆಯ ಆಚಾರಿಯನ್ನು ಕರೆಸಿ, ಎಲ್ಲೆಲ್ಲಿ ಕೊಳೆತಿದೆ ಎಂದು ಒತ್ತಿ ನೋಡಿಸು. ಕೊಳೆತಷ್ಟನ್ನು ಕತ್ತರಿಸಿ ತುಂಡು ಬೆಸೆಯಲು ಸಾಧ್ಯವೇ ಎಂದು ಕೇಳು. ಅವರ ಕೂಲಿ, ಮರದ ಬೆಲೆ ಎಲ್ಲವನ್ನೂ ನಾನು ಕೊಡುತ್ತೇನೆ. 1989ರಲ್ಲಿ ಆ ವ್ಯಾಪಾರಿಯಿಂದ ಪಡೆದ ಹಣದಲ್ಲಿ ನನ್ನ ಪಾಲು ಇನ್ನೂ ನನ್ನ ಮೇಲಿನ ಸಾಲವೆಂದೇ ನಾನು ತಿಳಿದಿದ್ದೇನೆ.

ಇಂಗ್ಲೆಂಡಿನಲ್ಲಿರುವ ಶಿಷ್ಯನಿಗೂ ಇದೇ ಮಾತು. ಬಡಗಿಯ ವಿಳಾಸ ಬೇಕಿದ್ದರೆ ಮಗಳನ್ನು ಕೇಳು. ಎಲ್ಲರಿಗೂ ಶುಭವಾಗಲಿ.