ಕಥೆಯಿಲ್ಲದ ಚಿತ್ರದ ಮೇಲಣ ಆಕ್ಷೇಪ

ಕಥೆಯಿಲ್ಲದ ಚಲಚ್ಚಿತ್ರವು ಕಲೆಯೇ ಅಲ್ಲವೆಂದು ತೀರ್ಪುಕೊಡುವವರು ಎಲ್ಲೆಡೆಯೂ ಇದ್ದಾರೆ. 1969ರಲ್ಲಿ ಅಮೆರಿಕದ ವಿಮರ್ಶಕ ಪಿ. ಆಡಮ್ಸ್ ಸಿಟ್ನಿಯು ‘ಸ್ಟ್ರಕ್ಚರಲ್ ಫಿಲ್ಮ್’, ಎಂದರೆ ರಚನಾಪ್ರಧಾನ ಚಿತ್ರ, ಎಂದು ಹೆಸರಿಟ್ಟ ಕೃತಿಗಳು ಈ ತೀರ್ಪಿಗೆ ವಿಶೇಷವಾಗಿ ಗುರಿಯಾಗಿವೆ. ಕದಲದ ಕ್ಯಾಮರಾ, ಮಿನುಗುವ ಬೆಳಕು, ಒಂದೇ ತುಣುಕಿನ ಪುನರಾವೃತ್ತಿ, ತೆರೆಯ ಮೇಲಣ ಚಿತ್ರವನ್ನೇ ಮರಳಿ ಚಿತ್ರಿಸುವುದು, ಇವು ಆತನು ಗುರುತಿಸಿದ ನಾಲ್ಕು ಲಕ್ಷಣಗಳು. ಇವುಗಳಲ್ಲಿ ರಸವೆಲ್ಲಿ ಎಂಬುದೇ ಪೂರ್ವಪಕ್ಷ.

ಕೆನಡಾದ ಮೈಕೆಲ್ ಸ್ನೋ 1967ರಲ್ಲಿ ಮುಗಿಸಿದ ‘ವೇವ್‌ಲೆಂಗ್ತ್’ ಚಿತ್ರವನ್ನು ನೋಡಬೇಕು. ನ್ಯೂಯಾರ್ಕಿನ ಒಂದು ಕೋಣೆಯ ತುದಿಯಿಂದ ಹೊರಟ ದೃಷ್ಟಿಯು 45 ನಿಮಿಷಗಳಲ್ಲಿ ಮೆಲ್ಲಮೆಲ್ಲನೆ ಕಿರಿದಾಗುತ್ತ, ಎದುರುಗೋಡೆಯಲ್ಲಿರುವ ಕಡಲಲೆಗಳ ಛಾಯಾಚಿತ್ರವನ್ನು ಸೇರುತ್ತದೆ. ಜತೆಯಲ್ಲಿ ಒಂದು ನಾದವು ಮಂದ್ರದಿಂದ ತಾರಕ್ಕೇರುತ್ತದೆ. ನಡುವೆ ಒಬ್ಬನು ಒಳಬಂದು ನೆಲಕ್ಕೆ ಕುಸಿಯುತ್ತಾನೆ. ಇನ್ನು ಕಥೆ ಮೊದಲಾಯಿತೆಂದು ಪ್ರೇಕ್ಷಕನು ನಿಮಿರಿ ಕೂರುವಷ್ಟರಲ್ಲಿ ದೃಷ್ಟಿಯು ಆ ದೇಹವನ್ನು ಬಿಟ್ಟು ಮುಂದೆ ಸಾಗುತ್ತದೆ. ಕಥೆ ಹೇಳಲರಿಯದವನ ಕೆಲಸ ಇದಲ್ಲ. ಕಥೆಯನ್ನು ತಂದು ತೋರಿಸಿ, ಬೇಕೆಂದೇ ಬಿಟ್ಟುಹೋದವನ ಕೆಲಸ.

ಯಂತ್ರವನ್ನು ನಿಲ್ಲಿಸಿ ಹೋದರೆ ಇಂಥದನ್ನು ಯಾರಾದರೂ ಮಾಡಬಹುದೆಂಬ ಮಾತೂ ಉಂಟು. ಆದರೆ ಈ ಚಿತ್ರದಲ್ಲಿ ಹಗಲು ಇರುಳಾಗುತ್ತದೆ, ಬಣ್ಣಗಳು ಮಾರ್ಪಡುತ್ತವೆ, ಫಿಲ್ಮಿನ ಜಾತಿಯೇ ಬದಲಾಗುತ್ತದೆ. ಇವೆಲ್ಲ ಯಂತ್ರವು ತಾನಾಗಿ ಮಾಡಿದ ಆಯ್ಕೆಗಳೇನು?

ಹಾಲಿಸ್ ಫ್ರಾಂಪ್ಟನ್ನನ ‘ಜೋರ್ನ್ಸ್ ಲೆಮ್ಮಾ’ (1970) ಇನ್ನೊಂದು ನಿದರ್ಶನ. ಬೀದಿಯ ಫಲಕಗಳ ಪದಗಳು ಅಕಾರಾದಿಯಾಗಿ, ಒಂದೊಂದು ಸೆಕೆಂಡಿಗೆ ಒಂದರಂತೆ ಬರುತ್ತವೆ. ಕ್ರಮೇಣ ಅಕ್ಷರಗಳು ಮರೆಯಾಗಿ, ಅವುಗಳ ಸ್ಥಾನದಲ್ಲಿ ಬೆಂಕಿ, ಅಲೆ ಮೊದಲಾದ ದೃಶ್ಯಗಳು ನಿಲ್ಲುತ್ತವೆ. ಓದಬಲ್ಲ ಪ್ರೇಕ್ಷಕನು ಮತ್ತೊಮ್ಮೆ ಅಕ್ಷರಾಭ್ಯಾಸಕ್ಕೆ ಕೂರಬೇಕಾಗುತ್ತದೆ.

ಈ ಮಾರ್ಗದ ಕೃತಿಗಳೆಲ್ಲವೂ ಎಲ್ಲರಿಗೂ ಹಿತವಲ್ಲವೆಂಬುದು ನಿಜ. ಬರಿಯ ಕಪ್ಪು ಬಿಳುಪುಗಳು ಮಿನುಗುವ ಟೋನಿ ಕಾನ್ರಾಡನ ‘ದಿ ಫ್ಲಿಕರ್’ (1966), ಅಪಸ್ಮಾರವುಳ್ಳವರಿಗೆ ಮೊದಲಲ್ಲೇ ಎಚ್ಚರಿಕೆ ಕೊಡುತ್ತದೆ. ನಿಯಮವೊಂದನ್ನು ಹಾಕಿಕೊಂಡ ಮಾತ್ರಕ್ಕೆ ಕಲೆ ಹುಟ್ಟದೆಂಬುದೂ ನಿಜ. ಆದರೆ ಈ ದೋಷ ಛಂದಸ್ಸಿಗೂ ಉಂಟು. ಗಣ ಸರಿಯಾದ ಪದ್ಯಗಳೆಲ್ಲ ಕಾವ್ಯವಲ್ಲವೆಂದು ಯಾರೂ ಛಂದಸ್ಸನ್ನೇ ಬಿಸುಡಲಿಲ್ಲ.

ರಾಗಾಲಾಪನೆಯನ್ನು ತಾಸುಗಟ್ಟಲೆ ಕೇಳಿ ತಲೆದೂಗುವ ರಸಿಕನು ಅಲ್ಲಿ ಕಥೆಯನ್ನು ಬೇಡುವುದಿಲ್ಲ; ಒಂದು ಸ್ವರದಿಂದ ಇನ್ನೊಂದಕ್ಕೆ ನಡೆವ ಕಾಲವೇ ಅವನಿಗೆ ಸಾಕು. ಕಿವಿಗೆ ಸಲ್ಲುವ ಈ ಸೈರಣೆಯನ್ನು ಕಣ್ಣಿಗೆ ಮಾತ್ರ ನಿರಾಕರಿಸುವುದು ನ್ಯಾಯವಲ್ಲ. ಇಂಥ ಚಿತ್ರವನ್ನು ಪೂರ್ತಿಯಾಗಿ ನೋಡಿ ಬೇಡವೆನ್ನುವವರ ಮಾತಿಗೆ ಬೆಲೆಯುಂಟು. ಐದು ನಿಮಿಷಕ್ಕೆ ಎದ್ದುಹೋದವರು ಹೇಳುವುದು ತಮ್ಮ ಸೈರಣೆಯ ಅಳತೆಯನ್ನೇ ಹೊರತು ಚಿತ್ರದ ಗುಣವನ್ನಲ್ಲ.