ಹೆಸರಿಗೂ ಚೆಕ್ಕುಬಂದಿ ಬೇಕು

ಕ್ರಯಪತ್ರದಲ್ಲಿ ಊರಿನ ಹೆಸರು ಮಾತ್ರ ಇದ್ದರೆ ಸಾಲದು. ನಾಲ್ಕು ದಿಕ್ಕಿನ ಚೆಕ್ಕುಬಂದಿಯೂ ಇರಬೇಕು. ಇಲ್ಲವಾದರೆ ಜಮೀನು ಯಾವುದೆಂದು ಹೇಳುವುದೇ ಕಷ್ಟ. ನೆಲದ ಮೇಲಣ ಈ ನ್ಯಾಯವು ನೆಲದ ಅಡಿಯ ಶಿಲೆಗೂ ಸಲ್ಲುತ್ತದೆ.

ಹೊಸೂರನ್ನು ದಾಟಿ ಹರಿಯುವ ನಮ್ಮ ದಕ್ಷಿಣ ಪಿನಾಕಿನಿ ಕಡಲೂರಿನ ಬಳಿ ಸಮುದ್ರವನ್ನು ಸೇರುತ್ತದೆ. ಅದೇ ಜಿಲ್ಲೆಯ ಭುವನಗಿರಿಯ ಹೆಸರನ್ನು ಭೂವಿಜ್ಞಾನಿಗಳು ಒಂದು ಮರಳುಗಲ್ಲಿನ ಸ್ತರಕ್ಕೆ ಇಟ್ಟಿದ್ದಾರೆ. ಸುಮಾರು 9 ಕೋಟಿ ವರ್ಷಗಳ ಹಿಂದೆ ಶೇಖರವಾದ ಆ ಮರಳು ಕಲ್ಲಾಗಿ ಇಂದು ಭೂಮಿಯ ಆಳದಲ್ಲಿದೆ. ಅದರ ಮೇಲೆ ನಡೆದು ನೋಡುವಂತಿಲ್ಲ. ತೈಲಶೋಧನೆಗೆ ಕೊರೆದ ಬಾವಿಗಳೇ ಅದಕ್ಕೆ ಸಾಕ್ಷಿ.

ಇಂತಹ ಕಾಣದ ಶಿಲೆಗೆ ಹೆಸರಿಡಲು ಅಂತರರಾಷ್ಟ್ರೀಯ ನಿಯಮಗಳಿವೆ. ಹತ್ತಿರದ ಸ್ಥಳದ ಹೆಸರನ್ನು ಆರಿಸಬೇಕು. ಒಂದು ಬಾವಿಯನ್ನು ಮಾದರಿಯೆಂದು ಗೊತ್ತುಪಡಿಸಿ, ಸ್ತರವು ಎಷ್ಟು ಆಳದಲ್ಲಿ ತೊಡಗಿ ಎಲ್ಲಿ ಮುಗಿಯುತ್ತದೆಂದು ನಮೂದಿಸಬೇಕು. ಬಣ್ಣ, ಕಣದ ಗಾತ್ರ, ದಪ್ಪ, ಮೇಲು ಕೆಳಗಿನ ಶಿಲೆಗಳನ್ನು ವರ್ಣಿಸಬೇಕು. ಬಾವಿಯಿಂದ ತೆಗೆದ ಕಲ್ಲಿನ ಮಾದರಿಗಳನ್ನು ಮುಂದಿನವರು ಪರೀಕ್ಷಿಸಲು ಕಾದಿರಿಸಬೇಕು. ಭುವನಗಿರಿ ಮರಳುಗಲ್ಲಿನ ಕೆಳಗೆ ಸತ್ತಪಾಡಿ ಜೇಡುಗಲ್ಲು, ಮೇಲೆ ಕುಡವಾಸಲ್ ಜೇಡುಗಲ್ಲು: ಇವೇ ಅದರ ಚೆಕ್ಕುಬಂದಿ.

ಮತ್ತೊಂದು ನಿಯಮ ಗಮನಾರ್ಹ. ಊರಿನ ಹೆಸರು ಬದಲಾದರೂ ಶಿಲೆಯ ಹೆಸರು ಬದಲಾಗದು. ಪೋರ್ಟೋನೋವೊ ಇಂದು ಪರಂಗಿಪೇಟೆ. ಆದರೆ ಅಲ್ಲಿಯ ಜೇಡುಗಲ್ಲು ಪೋರ್ಟೋನೋವೊ ಹೆಸರಿನಲ್ಲಿಯೇ ಉಳಿದಿದೆ. ಕರ್ನಾಟಕದ ಕ್ಲೋಸ್‌ಪೇಟೆ ರಾಮನಗರವಾಗಿದೆ. ಗ್ರಾನೈಟ್ ಇನ್ನೂ ಕ್ಲೋಸ್‌ಪೇಟೆಯದೇ. ಹೆಸರನ್ನು ಪದೇಪದೇ ಬದಲಿಸಿದರೆ ಹಿಂದಿನ ದಾಖಲೆಗಳೆಲ್ಲ ಅನಾಥವಾಗುತ್ತವೆ.

ಆಲಸನತ್ತಂ, ಹೊಸೂರು ಸುತ್ತಿನ ನೆಲದಡಿಯಲ್ಲಿರುವುದು ಮರಳುಗಲ್ಲಲ್ಲ, ಅದಕ್ಕಿಂತ ಬಹುಪ್ರಾಚೀನವಾದ ಗಟ್ಟಿಶಿಲೆ. ಆದರೂ ಮೇಲಿನ ಪಾಠ ನಮಗೂ ಬೇಕು. ನಮ್ಮಲ್ಲಿ ಕೊಳವೆಬಾವಿಗೆ ಅಡಿಯ ಲೆಕ್ಕದಲ್ಲಿ ಹಣ ತೆರುತ್ತೇವೆ. ಯಾವ ಅಡಿಯಲ್ಲಿ ಏನು ಸಿಕ್ಕಿತೆಂಬುದನ್ನು ಬರೆದಿಡುವವರು ವಿರಳ. ಬಾಯಿಮಾತಿನ ಆಳಕ್ಕೆ ವ್ಯಾಜ್ಯದಲ್ಲಿ ಬೆಲೆ ಕಡಿಮೆ.

ಆದ್ದರಿಂದ ಪೋಷಕರಲ್ಲಿ ಒಂದು ವಿನಂತಿ. ಮುಂದೆ ಬಾವಿ ಕೊರೆಸುವ ದಿನ ಮಗುವಿನ ಕೈಗೆ ಒಂದು ಪುಸ್ತಕ ಕೊಡಿ. ಯಂತ್ರದಿಂದ ದೂರ ನಿಂತು, ಕೊರೆಯುವವರು ಹೇಳುವ ಅಡಿಯನ್ನೂ ಹೊರಬಂದ ಪುಡಿಯ ಬಣ್ಣವನ್ನೂ ನೀರು ಕಂಡ ಆಳವನ್ನೂ ಬರೆಯಲಿ. ಕೆಮ್ಮಣ್ಣು, ಗರಸು, ಬೆಣಚು, ಕಗ್ಗಲ್ಲು ಎಂಬ ಮನೆಮಾತಿನ ಪದಗಳನ್ನೇ ಬಳಸಲಿ. ಪ್ರತಿ ಬದಲಾವಣೆಯ ಒಂದು ಹಿಡಿ ಪುಡಿಯನ್ನು ಪೊಟ್ಟಣ ಕಟ್ಟಿ, ಆಳವನ್ನೂ ದಿನಾಂಕವನ್ನೂ ನಮೂದಿಸಿ ಇಡಿ. ಹಣದ ಲೆಕ್ಕಕ್ಕೆ ಅದು ಆಧಾರ. ನೆರೆಯವನು ಬಾವಿ ತೋಡುವಾಗ ಅವನಿಗೂ ದಾರಿ. ಬಳಸಿದ ಪದಕ್ಕೆ ವಸ್ತುವಿನ ಆಸರೆಯೂ ದೊರೆಯುತ್ತದೆ. ಹಾಗೆ ಕಲಿತ ಕನ್ನಡವನ್ನು ಮಗು ಮರೆಯಲಾರದು.