ಕಾಣದ ಒಲೆಗೆ ಯಾಕೆ ಬಣ್ಣ?

"ಜಿಪಿಯು ಇದೆಯಲ್ಲ ಸಾರ್, ಅದು ನೋಡ್ಕೊಳ್ಳುತ್ತೆ." ಈ ಮಾತು ಕೇಳಿ ಕೇಳಿ ಸಾಕಾಗಿದೆ ಕಣ್ರೀ. ಮೊನ್ನೆ ನಮ್ಮ ತಂಡದ ಹುಡುಗ ಒಂದು ಹಳ್ಳಿಮನೆಯ ತ್ರೀಡಿ ಮಾಡೆಲ್ ಮಾಡಿ ತೋರಿಸಿದ. ಅವನ ಗೇಮಿಂಗ್ ಲ್ಯಾಪ್‌ಟಾಪಿನಲ್ಲಿ ಸಲೀಸಾಗಿ ಓಡ್ತು. ಅದನ್ನೇ ಊರಿಗೆ ಹೋದಾಗ ಅಪ್ಪನ ಮೊಬೈಲಿಗೆ ಹಾಕಿದೆ. ಎರಡೇ ನಿಮಿಷಕ್ಕೆ ಫೋನು ರೊಟ್ಟಿ ಹಂಚಿನ ಹಾಗೆ ಕಾದು, ಚಿತ್ರ ಕುಂಟೋಕೆ ಶುರುವಾಯ್ತು. ಕೋಡ್ ತೆಗೆದು ನೋಡಿದರೆ, ನಾವು ಪಡಸಾಲೆಯಲ್ಲಿ ನಿಂತಿದ್ದರೂ ಅಡುಗೆಮನೆಯ ಒಲೆ, ಸೌಟು, ಹಿತ್ತಲಿನ ಕೊಡಪಾನ ಎಲ್ಲವನ್ನೂ ಪ್ರತಿ ಫ್ರೇಮಿನಲ್ಲೂ ಜಿಪಿಯುಗೆ ಸುರೀತಿದ್ದ!

ನಮ್ಮ ಮನೆ ಪಡಸಾಲೆಯಲ್ಲಿ ಕೂತವನಿಗೆ ನಡುಮನೆ ಬಾಗಿಲಲ್ಲಿ ಕಾಣೋದು ಒಂದು ಕಂಬ, ಅರ್ಧ ಕಣಜ. ಅಷ್ಟೇ.

1993ರ ಡೂಮ್ ಆಟ 386 ಪ್ರೊಸೆಸರ್, 4 ಎಂಬಿ ಮೆಮೊರಿಯ ಕಂಪ್ಯೂಟರಿನಲ್ಲೂ ನಡೀತಿತ್ತು. ತ್ರೀಡಿ ಕಾರ್ಡಿನ ಹಂಗೇ ಇರಲಿಲ್ಲ. ಜಾನ್ ಕಾರ್ಮ್ಯಾಕ್ ಅದರಲ್ಲಿ ಬಳಸಿದ್ದು 1980ರಲ್ಲಿ ಫುಕ್ಸ್, ಕೆಡೆಮ್, ನೇಲರ್ ಬರೆದಿದ್ದ ಬಿಎಸ್‌ಪಿ ಟ್ರೀ. ನಕ್ಷೆಯ ಮೇಲೆ ಒಂದು ಗೆರೆ ಎಳೆದು ಎರಡು ಪಾಲು ಮಾಡು, ಪ್ರತಿ ಪಾಲನ್ನೂ ಮತ್ತೆ ಎರಡು ಮಾಡು. ಒಂದು ತುಂಡಿನೊಳಗಿನ ಗೋಡೆಗಳು ಒಂದಕ್ಕೊಂದು ಅಡ್ಡ ಬರದಷ್ಟು ಆಗೋವರೆಗೂ ಇದೇ ಕೆಲಸ. (ಹೊಲ ಪಾಲು ಮಾಡೋ ಹಾಗೇನೇ. ಗೆರೆ ಗೋಡೆ ಮಧ್ಯೆ ಹಾದರೆ ಗೋಡೆಯೂ ಎರಡು ತುಂಡು, ಆದರೆ ಇಲ್ಲಿ ಯಾರೂ ಕೋರ್ಟಿಗೆ ಹೋಗಲ್ಲ.) ಇದೆಲ್ಲ ಆಟ ತಯಾರಿಸುವಾಗಲೇ ಮುಗಿದಿರುತ್ತೆ. ಆಡುವಾಗ ಪ್ರತಿ ಗೆರೆ ಹತ್ತಿರ ಒಂದೇ ಪ್ರಶ್ನೆ: ನಾನು ಇದರ ಆ ಕಡೆಯೋ, ಈ ಕಡೆಯೋ? ನಾನಿರೋ ಕಡೆಯದ್ದು ಮೊದಲು, ಉಳಿದದ್ದು ಆಮೇಲೆ. ಹತ್ತಿರದಿಂದ ದೂರಕ್ಕೆ ಸಾಲು ತಾನಾಗೇ ಸಿಗುತ್ತೆ. ಹತ್ತಿರದ ಗೋಡೆಗಳೇ ಪರದೆ ತುಂಬಿದ ಮೇಲೆ ಹಿಂದಿನವನ್ನು ಯಾರು ಕೇಳ್ತಾರೆ?

1996ರ ಕ್ವೇಕ್ ಇನ್ನೂ ಮುಂದೆ ಹೋಯ್ತು. ಎಲ್ಲಿ ನಿಂತರೆ ಯಾವ ತುಂಡು ಕಂಡೀತು ಅಂತ ಮೊದಲೇ ಲೆಕ್ಕ ಹಾಕಿ, ತುಂಡಿಗೊಂದು ಬಿಟ್‌ನಂತೆ ಪಟ್ಟಿ ಬರೆದಿಟ್ಟಿತು.

"ಅದೆಲ್ಲ ಹಳೇ ಕಥೆ ಸಾರ್, ಈಗ ಡೆಪ್ತ್ ಬಫರ್ ಇದೆ" ಅಂತಾನೆ ಹುಡುಗ. ಇದೆ, ನಿಜ. ಬಿಎಸ್‌ಪಿಗೆ ಚಲಿಸೋ ವಸ್ತು ಕಂಡರೆ ಆಗದು ಅನ್ನೋದೂ ನಿಜ; ಡೂಮ್‌ನ ಬಾಗಿಲುಗಳು ಪಕ್ಕಕ್ಕೆ ತೆರೆಯದೆ ಮೇಲಕ್ಕೇ ಏರೋದು ಅದಕ್ಕೇ. ಆದರೆ ಡೆಪ್ತ್ ಬಫರ್ ಮಾಡೋದೇನು? ಗೋಡೆ ಹಿಂದಿನ ಒಲೆಯನ್ನೂ ತರಿಸಿ, ಅದರ ಮೂಲೆಮೂಲೆ ಲೆಕ್ಕ ಹಾಕಿ, ಆಮೇಲೆ ಎಸೆಯೋದು. ಆ ದಂಡದ ಕೆಲಸಕ್ಕೆ ಖರ್ಚಾಗೋದು ಅಪ್ಪನ ಬ್ಯಾಟರಿ. ನೀನು ಬಿಎಸ್‌ಪಿಯನ್ನೇ ಬರಿ ಅಂತ ನಾನೆಲ್ಲಿ ಹೇಳಿದೆ? ಕೋಣೆಗಳನ್ನು ಬೇರೆ ಮಾಡು, ಬಾಗಿಲ ಚೌಕಟ್ಟಿನಲ್ಲಿ ಇಣುಕಿ ನೋಡು, ಕಂಡಷ್ಟನ್ನೇ ಕಳಿಸು.

ಹುಡುಗನೊಬ್ಬನದೇ ತಪ್ಪಲ್ಲ ಬಿಡಿ. ನಾನೂ ಬಿಇಯಲ್ಲಿ ಇನ್‌ಆರ್ಡರ್, ಪ್ರೀಆರ್ಡರ್ ಉರು ಹೊಡೆದು ಪಾಸಾದವನೇ. ಆ ಮರ ಹತ್ತಿದರೆ ಏನು ಕಾಣುತ್ತೆ ಅಂತ ಯಾರೂ ಹೇಳಲಿಲ್ಲ. ಈಗ ಇಂಟರ್‌ವ್ಯೂಗೆ ಬಂದವರನ್ನ ಅದೇ ಮರ ಉಲ್ಟಾ ಮಾಡು ಅಂತ ನಾವೇ ಗೋಳುಹುಯ್ಕೊಳ್ತೀವಿ.

ಅಪ್ಪನಿಗೆ ಬೇರೆ ಫೋನ್ ಕೊಡಿಸಿ, ಆ ಹಳೇದನ್ನು ಆಫೀಸಿಗೆ ತಂದಿಟ್ಟಿದ್ದೀನಿ. ಸೋಮವಾರದ ಡೆಮೊ ಅದರಲ್ಲೇ.